ನಾಲ್ಕು ಕಾಲಿನ ಸೈರನ್

ಮೊದಲು ಯಾರೋ ನಿದ್ದೆಯಲ್ಲಿ ಮುಲುಗಿದಂತಿತ್ತು. ಮರುಗಳಿಗೆ ಅದು ಏರಿತು. ಏರುತ್ತ ಏರುತ್ತ ಇಡೀ ಮಾವಿನ ತೋಪನ್ನು ತುಂಬಿಕೊಂಡು, ಮತ್ತೆ ನಿಧಾನವಾಗಿ ಇಳಿಯಿತು.

ಸೈರನ್.

ಶ್ರುತಿಯ ಕೈಯಲ್ಲಿದ್ದ ಮಲಗೋಬದ ಹೋಳು ಬಾಯಿಯ ಹತ್ತಿರ ಹೋಗಿ ನಿಂತಿತು. ರಸ ಮೊಣಕೈಗೆ ಇಳಿಯಿತು. ನೆರಳಲ್ಲಿ ಕೂತು ಹಣ್ಣು ತಿನ್ನುತ್ತಿದ್ದ ಪ್ರವಾಸಿಗಳ ಪೈಕಿ ಮೈಸೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬಗ್ಗಿಬಿಟ್ಟರು. ಬೆಳಿಗ್ಗೆಯಿಂದ ಬ್ರಿಟಿಷರಿದ್ದಾಗಿನ ಮಹಾಯುದ್ಧದ ಕಾಲದ ವಿಮಾನ ಮೈದಾನಗಳನ್ನು ಸುತ್ತಿ, ಬಾಂಬರ್ ವಿಮಾನಗಳ ಕತೆ ಕೇಳಿ ಕೇಳಿ ಅವರಿಗೆ ಅದು ತಾನಾಗಿಯೇ ಬಂದಿತ್ತು. ಅವರ ಹೆಂಡತಿ ಮಾತ್ರ ಓಟೆ ಚೀಪುವುದನ್ನು ನಿಲ್ಲಿಸಲಿಲ್ಲ.

"ಅಕ್ಕಾ, ಅದೇ ಕಣಕ್ಕಾ. ನಮ್ಮ ಕೂಗಪ್ಪ," ಎಂದ ವ್ಯಾನ್ ಓಡಿಸುವ ವೇಣು. ಅವನ ಮುಖ ಬೆಳ್ಳಗಾಗಿತ್ತು.

ಕೂಗಪ್ಪ ಎಂದರೆ ಕ್ಯಾಲನೂರಿನ ಆಚೆ ಗಾಳಿದಿನ್ನೆ ಎಂಬ ಹಳ್ಳಿಯಲ್ಲಿ, ಹಾಲಿನ ಡೇರಿಯ ಮಾಡಿನ ಮೇಲೆ ಕೂತಿದ್ದ ಯುದ್ಧಕಾಲದ ಕೈಸೈರನ್. ಹೋದ ವಾರ ಅದು ಮಾಯವಾಗಿ, ಅದರ ಜಾಗದಲ್ಲಿ ಅದೇ ಹಸಿರು ಬಣ್ಣದ, ಹಿಡಿ ಎಷ್ಟು ತಿರುವಿದರೂ ಸದ್ದು ಮಾಡದ ಒಂದು ನಕಲು ಕೂತಿತ್ತು.

ಶ್ರುತಿ ಹಣ್ಣನ್ನು ಅಲ್ಲೇ ಬಿಟ್ಟು ಸದ್ದು ಬಂದ ಕಡೆ ಓಡಿದಳು. ವೇಣು ಹಿಂದೆಯೇ ಓಡಿಬಂದ.

ಓಡಲು ಅವಳಿಗೆ ಕಾರಣವಿತ್ತು. ಕೋಲಾರದ ಗಡಿಯಾರ ಗೋಪುರದ ಹತ್ತಿರ ಮೆಟ್ಟಿಲು ಹತ್ತಿ ಹೋಗುವ ಒಂದು ಮಹಡಿ ಕೋಣೆಯಲ್ಲಿ ಅವಳ ಪತ್ತೇದಾರಿ ಕಚೇರಿ. ಬರುವ ಕೆಲಸವೆಲ್ಲ ಒಂದೇ ತರಹದ್ದು: ಮದುವೆ ಗಂಡು ನಿಜಕ್ಕೂ ಆ ಕಂಪನಿಯಲ್ಲಿದ್ದಾನೆಯೇ, ಕುಡಿಯುತ್ತಾನೆಯೇ, ಹಿಂದೆ ಏನಾದರೂ ಇತ್ತೇ ಎಂದು ವಿಚಾರಿಸಿ ಹೇಳುವುದು. ಮುಳಬಾಗಿಲಿನ ಅನಿತಾಳ ಮನೆಯವರು ವೇಣುವಿನ ಬಗ್ಗೆ ಕೇಳಿದಾಗ, ಹುಡುಗ ಅಪ್ಪಟ ಚಿನ್ನ, ಕಣ್ಣು ಮುಚ್ಚಿ ಕೊಡಿ ಎಂದು ಹೇಳಿದವಳು ಅವಳೇ. ಬರುವ ವಾರ ಅವರಿಬ್ಬರ ನಿಶ್ಚಿತಾರ್ಥ. ಈಗ ಆ ಚಿನ್ನದ ಮೇಲೆಯೇ ಕಳ್ಳತನದ ಮಾತು ಬಂದಿತ್ತು. ಡೇರಿಯ ಮಾಡಿಗೆ ಹತ್ತುವ ಏಣಿಗೆ ಬೀಗ. ಹೊರಗಿನವರ ಪೈಕಿ ಅದರ ಕೀಲಿ ಇದ್ದದ್ದು ವೇಣು ಒಬ್ಬನ ಹತ್ತಿರ. ಪ್ರವಾಸಿಗಳನ್ನು ಮೇಲೆ ಹತ್ತಿಸಿ ಸೈರನ್ ತಿರುಗಿಸಲು ಕೊಡುತ್ತಿದ್ದವನು ಅವನೇ.

ಡೇರಿಯ ಕಾರ್ಯದರ್ಶಿ ಆವಲಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ. ಇವತ್ತು ಸಂಜೆ ಹಾಲಿನ ಹೊತ್ತಿಗೆ ಕೂಗಪ್ಪ ಮಾಡಿನ ಮೇಲಿರಬೇಕು. ಇಲ್ಲದಿದ್ದರೆ ವೇಣುವಿನ ಹೆಸರು ಬರೆದು ಠಾಣೆಗೆ ದೂರು, ಪ್ರವಾಸದ ವ್ಯಾನಿಗೆ ಇನ್ನು ಊರೊಳಗೆ ಜಾಗವಿಲ್ಲ. ಹಾಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಬೆಳಗಿನ ಹಾಲಿಗೆ ಜನರನ್ನು ಕರೆಯಲು ಹಿಡಿ ತಿರುವಿ, ಅದು ಮೂಕವಾಗಿದ್ದನ್ನು ಮೊದಲು ಕಂಡವನು ಅವನೇ ಅಲ್ಲವೇ.

ಸೈರನ್ ಇನ್ನೊಮ್ಮೆ ಕೂಗಿತು. ಈ ಸಲ ತೀರ ಹತ್ತಿರ. ಶ್ರುತಿಯ ತಲೆಯ ಮೇಲಿನ ಕೊಂಬೆಯಿಂದ ಒಂದು ಕೋತಿ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮರಿ ಕಟ್ಟಿಕೊಂಡ ತಾಯಿ, ಹೀಗೆ ಒಂದು ಸಂಸಾರವೇ ಧುಮುಕಿ ಬೇಲಿಯಾಚೆ ಓಡಿತು.

ಎರಡು ಮರಗಳ ನಡುವೆ ಬೊಂಬಿನ ಅಟ್ಟಣೆ. ಅದರ ಮೇಲೆ ತಲೆಗೆ ಕೆಂಪು ಟವೆಲು ಸುತ್ತಿದ ಮುದುಕನೊಬ್ಬ ಕಾಲು ಇಳಿಬಿಟ್ಟು ಕೂತು, ಹಸಿರು ಬಣ್ಣದ ಸೈರನ್ನಿನ ಹಿಡಿಯನ್ನು ರಾಗಿ ಬೀಸುವವರ ಹಾಗೆ ಲಯವಾಗಿ ತಿರುಗಿಸುತ್ತಿದ್ದ.

ವೇಣು ಅಟ್ಟಣೆಗೆ ಕೈಹಾಕಿ, "ಏನ್ ತಾತಾ, ಕದ್ದ ಮಾಲನ್ನ ಇಷ್ಟು ಧೈರ್ಯವಾಗಿ ಊದ್ತಿದೀಯಲ್ಲ," ಎಂದ.

ಮುದುಕ ತಿರುಗಿಸುವುದನ್ನು ನಿಲ್ಲಿಸಿದ. ಸದ್ದು ಇಳಿಯುವವರೆಗೆ ಕಾದ. ಆಮೇಲೆ ವೇಣುವನ್ನಲ್ಲ, ಶ್ರುತಿಯನ್ನು ನೋಡಿ ಮಾತಾಡಿದ.

"ಎವುರಮ್ಮಾ ಈ ಹುಡುಗ? ನಮ್ಮ ನಾಯ್ನ ತಂದಿದ್ದು ಇದು. ನಾನು ಹುಟ್ಟೋಕೆ ಮುಂಚೆನೇ ಈ ತೋಪಲ್ಲಿತ್ತು. ನಿನ್ನ ವಯಸ್ಸಿಗಿಂತ ನಾನು ತಿರುಗಿಸಿದ ವರ್ಷ ಜಾಸ್ತಿ ಅಂತ ಅವನಿಗೆ ಚೆಪ್ಪು."

ಅವನ ಹೆಸರು ಗಂಗುಲಪ್ಪ. ರಾಯಲ್ಪಾಡಿನವನು. ತೋಪು ಅವನದೇ. ಹೇಳುವುದರಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕೇಳುವವರ ಮುಖ ನೋಡಿ ಎರಡರಲ್ಲಿ ಒಂದನ್ನು ಹೆಚ್ಚು ಮಾಡುತ್ತಿದ್ದ. ಯುದ್ಧದ ಕಾಲದಲ್ಲಿ ದೊಡ್ಡ ವಿಮಾನಗಳಿಗೆ ಎಂಜಿನ್ ಕೈಕೊಟ್ಟರೆ ಇಳಿಯಲು ಇರಲಿ ಎಂದು ಇಲ್ಲಿ ನೆಲ ಸಮ ಮಾಡಿದ್ದರಂತೆ. ತೋಪಿನ ನಡುವೆ ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋಗುವ ಬಂಡಿದಾರಿ ಅದೇ. ಒಂದೇ ಒಂದು ವಿಮಾನವೂ ಇಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಕಾವಲಿದ್ದ ಸಿಪಾಯಿಗಳು ಗುಡಾರ ಕಿತ್ತುಕೊಂಡು ಹೋಗುವಾಗ, ದಿನಾ ಮಜ್ಜಿಗೆ ಕೊಟ್ಟ ಗಂಗುಲಪ್ಪನ ತಂದೆಗೆ ಈ ಸೈರನ್ ಬಿಟ್ಟುಹೋದರು. ಅಂದಿನಿಂದ ಅದಕ್ಕೆ ಒಂದೇ ಕೆಲಸ, ಕೋತಿ ಓಡಿಸುವುದು.

"ಪಟಾಕಿಗೆ ಕೋತುಲು ಹೆದರಲ್ಲ ಈಗ. ಇದಕ್ಕೆ ಹೆದರ್ತಾವೆ," ಎಂದು ಹೆಮ್ಮೆಯಿಂದ ಅದರ ಬೆನ್ನು ತಟ್ಟಿದ.

ವೇಣು ಇನ್ನೂ ನಂಬಿರಲಿಲ್ಲ. ಶ್ರುತಿ ಅಟ್ಟಣೆ ಹತ್ತಿದಳು. ಗಂಗುಲಪ್ಪ ಸರಿದು ಜಾಗ ಬಿಟ್ಟ. ಅವಳು ಸೈರನ್ನಿನ ಡೋಲಿನಂಥ ಮೈಯನ್ನೂ, ಸವೆದು ನುಣುಪಾದ ಹಿಡಿಯನ್ನೂ ನೋಡಿ, ಕೊನೆಗೆ ಬಗ್ಗಿ ಕಾಲುಗಳನ್ನು ನೋಡಿದಳು.

ನಾಲ್ಕು ಕಾಲು. ನಾಲ್ಕಕ್ಕೂ ನಾಲ್ಕು ಬೋಲ್ಟು, ಬೊಂಬಿನ ಹಲಗೆಗೆ ಬಿಗಿದಿತ್ತು.

"ಇದು ಕೂಗಪ್ಪ ಅಲ್ಲ ವೇಣು. ಕೂಗಪ್ಪನಿಗೆ ಮೂರೇ ಕಾಲು," ಎಂದಳು.

ವೇಣು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಸಂಜೆಯ ಹಾಲಿನ ಹೊತ್ತು ಅವನ ಕಣ್ಣ ಮುಂದೆ ಬಂದಿರಬೇಕು. ಆದರೆ ಶ್ರುತಿ ಕೆಳಗಿಳಿಯಲಿಲ್ಲ. ಅವಳ ಮನಸ್ಸು ಗಾಳಿದಿನ್ನೆಯ ಡೇರಿಯ ಮಾಡಿನ ಮೇಲಿತ್ತು.

ಮೊದಲ ದಿನ ಅಲ್ಲಿಗೆ ಹತ್ತಿದಾಗ ಕಂಡದ್ದನ್ನು ಅವಳು ಮತ್ತೆ ಕಣ್ಣೆದುರು ತಂದುಕೊಂಡಳು. ಸಿಮೆಂಟಿನ ಕಟ್ಟೆ. ಕಟ್ಟೆಯಲ್ಲಿ ಹೂತ ಮೂರು ತುಕ್ಕು ಹಿಡಿದ ಬೋಲ್ಟು. ಅದರ ಮೇಲೆ ಮೂಕ ನಕಲು. ಆ ನಕಲಿಗೆ ನಾಲ್ಕು ಕಾಲಿದ್ದವು. ಒಂದು ಕಾಲೂ ಬೋಲ್ಟಿಗೆ ಕೂರದೆ, ಒಂದು ಕಟ್ಟೆಯಿಂದಾಚೆ ಗಾಳಿಯಲ್ಲಿ ನಿಂತು, ಇಡೀ ವಸ್ತುವನ್ನು ಕಬ್ಬಿಣದ ತಂತಿ ಸುತ್ತಿ ಬಿಗಿದಿದ್ದರು. ಕಳ್ಳನಿಗೆ ಅವಸರವಿತ್ತು, ಹೇಗೋ ಕಟ್ಟಿ ಓಡಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು.

ಈಗ ಬೇರೆಯೇ ಅನಿಸಿತು. ನಕಲು ಮಾಡಿದವನು ಕೂಗಪ್ಪನನ್ನು ನೋಡಿ ಮಾಡಿರಲಿಲ್ಲ. ಈ ತೋಪಿನ ಸೈರನ್ ನೋಡಿ ಮಾಡಿದ್ದ.

"ತಾತಾ, ಇತ್ತೀಚೆಗೆ ಇದನ್ನ ಯಾರಾದ್ರೂ ಬಂದು ನೋಡ್ಕೊಂಡು ಹೋದ್ರಾ?"

ನೋಡಿಕೊಂಡು ಹೋಗುವುದೇನು, ಒಂದು ಮಧ್ಯಾಹ್ನವೆಲ್ಲ ಕೂತು ಅಳತೆ ತೆಗೆದುಕೊಂಡರು ಎಂದ ಗಂಗುಲಪ್ಪ. ಯುಗಾದಿ ಕಳೆದ ಮೇಲೆ. ಶ್ರೀನಿವಾಸಪುರದಿಂದ ಆಟೋ ಮಾಡಿಕೊಂಡು ಇಬ್ಬರು ಬಂದಿದ್ದರು. ಒಬ್ಬ ವೆಲ್ಡಿಂಗ್ ಅಂಗಡಿಯವನು, ಕೈಯಲ್ಲಿ ಟೇಪು. ಇನ್ನೊಬ್ಬರು ದೊಡ್ಡ ಮನುಷ್ಯರು. ಬಿಳಿ ಮೀಸೆ, ರೆಕ್ಕೆ ಚಿಹ್ನೆಯ ನೀಲಿ ಟೋಪಿ. ಅಟ್ಟಣೆ ಹತ್ತಲು ಆಗಲಿಲ್ಲ ಪಾಪ, ಮಂಡಿ ನೋವಂತೆ. ಅವರಿಗಾಗಿ ಗಂಗುಲಪ್ಪನೇ ಸೈರನ್ನನ್ನು ಕೆಳಗಿಳಿಸಿಕೊಟ್ಟಿದ್ದ.

"ತುಂಬಾ ಮಂಚಿ ಮನುಷ್ಯರು ಅಮ್ಮಾ. ಹೋಗುವಾಗ ನಮ್ಮ ನಾಯ್ನ ಹೆಸರು ಕೇಳಿ, ನಿಂತು ಸೆಲ್ಯೂಟ್ ಹೊಡೆದ್ರು."

ವೇಣು ತಲೆಯೆತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಟೋಪಿಯನ್ನು ಇಬ್ಬರೂ ಬೆಳಿಗ್ಗೆಯಿಂದ ನೋಡುತ್ತಲೇ ಇದ್ದರು. ಅದು ಈಗಲೂ ವ್ಯಾನಿನ ಮುಂದಿನ ಸೀಟಿನಲ್ಲಿತ್ತು.

ಶ್ರುತಿ ಅಟ್ಟಣೆಯಿಂದ ಇಳಿದು ಗಂಗುಲಪ್ಪನನ್ನು ಒಂದು ಉಪಕಾರ ಕೇಳಿದಳು. ನೆರಳಲ್ಲಿ ಕೂತಿರುವ ಪ್ರವಾಸಿಗಳಿಗೆ ಸ್ವಲ್ಪ ಹೊತ್ತು ಈ ಸೈರನ್ ತಿರುಗಿಸಲು ಕೊಡಬೇಕು. ಡೇರಿಯಲ್ಲಿ ಮೂಕ ಸೈರನ್ ನೋಡಿ ಅವರಿಗೆಲ್ಲ ಬೇಸರವಾಗಿದೆ. ಗಂಗುಲಪ್ಪನಿಗೆ ಇದಕ್ಕಿಂತ ಸಂತೋಷ ಬೇರೆ ಬೇಕಿರಲಿಲ್ಲ. ಅವನು ಟವೆಲು ಬಿಚ್ಚಿ ಅದರಿಂದಲೇ ಹಿಡಿ ಒರೆಸತೊಡಗಿದ. ಜನರನ್ನು ಕರೆತರಲು ವೇಣುವನ್ನು ಕಳಿಸಿ, ಶ್ರುತಿ ಒಬ್ಬಳೇ ವ್ಯಾನಿನತ್ತ ನಡೆದಳು.

ನಡೆಯುವಾಗ ಅವಳಿಗೆ ಬೇಸರವಾಗುತ್ತಿತ್ತು. ಅಮರನಾಥ್ ಸರ್ ಅಂದರೆ ಅವಳಿಗೆ ಇಷ್ಟ. ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾಗಿ ಕೋಲಾರಕ್ಕೆ ಬಂದವರು, ಪೊದೆ ಬೆಳೆದ ಹಳೆಯ ರನ್‌ವೇಗಳನ್ನು ಒಂದೊಂದಾಗಿ ಹುಡುಕಿ, ಜನರನ್ನು ಕರೆದೊಯ್ದು ತೋರಿಸುವ ಈ ಪ್ರವಾಸ ಶುರು ಮಾಡಿದ್ದರು. ಬರೀ ಬಯಲಿನ ಮುಂದೆ ನಿಂತು ಅವರು ಮಾತಾಡಿದರೆ ವಿಮಾನ ಇಳಿಯುವುದು ಕಾಣುತ್ತಿತ್ತು. ಕೂಗಪ್ಪ ಮಾಯವಾದ ಮರುದಿನ ಅವಳ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಫೋನ್ ಮಾಡಿ, ವೇಣು ನನ್ನ ಮಗನಿದ್ದ ಹಾಗೆ, ನೀವೇ ಉಳಿಸಬೇಕು ಎಂದು ಕೇಳಿಕೊಂಡಿದ್ದರು. ಪತ್ತೆ ಮಾಡು ಎಂದು ಕರೆದವರೇ ಪತ್ತೆಯಾಗುವುದು ಅವಳ ಕಸುಬಿನಲ್ಲಿ ಇದೇ ಮೊದಲು.

ವ್ಯಾನಿನ ಪಕ್ಕದ ಬಾಗಿಲುಗಳು ಗಾಳಿಗೆ ತೆರೆದಿದ್ದವು. ಅಮರನಾಥ್ ಮುಂದಿನ ಸೀಟಿನಲ್ಲಿ ನೋವಿನ ಕಾಲನ್ನು ಹೊರಗೆ ಚಾಚಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು. ಹಿಂದಿನ ಕೊನೆಯ ಸೀಟಿನಲ್ಲಿ ಶ್ರುತಿಯ ಚಿಕ್ಕಮ್ಮ ಅನಸೂಯಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮಲಗಿದ್ದರು. ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದ ಮೇಲೆ, ಶ್ರುತಿ ಊರೂರು ಸುತ್ತುವಾಗ ಜೊತೆಗೆ ಹೊರಡುವುದೇ ಅವರ ಹವ್ಯಾಸ. ಗಂಡಿನ ಮನೆಯ ಅಕ್ಕಪಕ್ಕದವರಿಂದ ಮಾತು ಹೊರಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಈ ಕೇಸಿನಲ್ಲಿ ಮಾತ್ರ ಅವರಿಗೆ ಮೊದಲಿನಿಂದ ಉತ್ಸಾಹವಿರಲಿಲ್ಲ. ಬಿಡೇ ಶ್ರುತಿ, ನಮಗೆ ಮದುವೆ ಗಂಡುಗಳೇ ವಾಸಿ ಎಂದು ಎರಡು ಸಲ ಹೇಳಿದ್ದರು. ಮುಳಬಾಗಿಲಿನಲ್ಲಿ ತುಪ್ಪದ ದೋಸೆ ಜಾಸ್ತಿಯಾಯಿತು, ಬಿಸಿಲು ತಡೆಯಲ್ಲ ಎಂದು ಇಲ್ಲಿ ಇಳಿಯಲೂ ಇಲ್ಲ.

"ಸರ್, ಒಂದು ಮಾತು ಕೇಳಬೇಕಿತ್ತು," ಎಂದಳು ಶ್ರುತಿ.

"ಕೇಳಮ್ಮಾ. ಸಿಕ್ಕಿತೇನು ಕೂಗಪ್ಪ? ಸದ್ದು ಕೇಳಿಸ್ತಲ್ಲ."

"ಅದು ಕೂಗಪ್ಪ ಅಲ್ಲ ಅಂತ ನಿಮಗೆ ಗೊತ್ತಿತ್ತು ಸರ್. ಗೊತ್ತಿದ್ದೇ ನೀವು ಇಲ್ಲಿಂದ ಎದ್ದು ಬರಲಿಲ್ಲ. ಈ ತೋಪಿಗೆ ನೀವು ಇವತ್ತು ಮೊದಲನೇ ಸಲ ಬಂದಿದ್ದಲ್ಲ."

ಅಮರನಾಥ್ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತೋಪಿನೊಳಗೆ ಯಾರೋ ಉತ್ಸಾಹದಿಂದ ಹಿಡಿ ತಿರುಗಿಸಿದರು. ಸೈರನ್ ಎದ್ದು, ಕೂಗಿ, ಇಳಿಯುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ಕಾಯಬೇಕಾಯಿತು. ಬ್ಯಾಂಕ್ ಮ್ಯಾನೇಜರರ ಹೆಂಡತಿಯ ನಗು ಇಲ್ಲಿಯವರೆಗೆ ಕೇಳಿಸಿತು.

"ನಕಲು ಮಾಡಿಸಿದ್ದು ನಾನೇ," ಎಂದರು ಅಮರನಾಥ್.

ಒಪ್ಪಿಕೊಳ್ಳುವುದು ಇಷ್ಟು ಸುಲಭವಾಗಿ ಆಗುತ್ತದೆ ಎಂದು ಶ್ರುತಿ ಎಣಿಸಿರಲಿಲ್ಲ. ಕೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳು ಹಾಗೇ ಉಳಿದವು.

ಅವರು ತಾವಾಗಿಯೇ ಹೇಳತೊಡಗಿದರು. ಇಂಗ್ಲೆಂಡಿನಿಂದ ಕಾಲಿನ್ ಎಂಬ ಹಿರಿಯರೊಬ್ಬರು ಪ್ರವಾಸಕ್ಕೆ ಬಂದಿದ್ದು ಶ್ರುತಿಗೂ ಗೊತ್ತಿತ್ತು. ಅವರ ತಾತ ಯುದ್ಧದ ಕಾಲದಲ್ಲಿ ಕೋಲಾರದ ವಿಮಾನ ಮೈದಾನದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬರುವ ಮೊದಲೇ ಕಾಲಿನ್ ಫೋನಿನಲ್ಲಿ ಆ ಸೈರನ್ ಬಗ್ಗೆ ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದರು. ಹೋಗುವಾಗ ನೆನಪಿಗೆ ಒಂದು ಮಾದರಿ ಮಾಡಿಸಿ ಕೊಟ್ಟರೆ ಹೇಗೆ ಎಂದು ಅಮರನಾಥರಿಗೆ ಹೊಳೆಯಿತು. ಡೇರಿಯ ಏಣಿ ಹತ್ತಲು ಅವರ ಮಂಡಿ ಬಿಡಲಿಲ್ಲ. ಕೂಗಪ್ಪನನ್ನು ಕೆಳಗಿಳಿಸಲು ಊರಿನವರು ಬಿಡಲಿಲ್ಲ. ರಾಯಲ್ಪಾಡಿನಲ್ಲಿ ಅದರ ಜೋಡಿ ಇದೆ ಎಂದು ಕೇಳಿ ಇಲ್ಲಿಗೆ ಬಂದು ಅಳತೆ ತೆಗೆಸಿದರು.

"ಕೂಗಪ್ಪನಿಗೆ ಮೂರು ಕಾಲು ಅಂತ ನನಗೆ ಈಗಷ್ಟೇ ಗೊತ್ತಾಗಿದ್ದು. ಕೆಳಗೆ ನಿಂತವನಿಗೆ ಕಾಲು ಕಾಣಿಸಲ್ಲಮ್ಮಾ."

ಶ್ರುತಿ ಇನ್ನೂ ಕಾಲಿನ ಮಾತು ಎತ್ತಿರಲಿಲ್ಲ. ಅವಳ ಹುಬ್ಬು ಮೇಲೇರಿತು. ಅಮರನಾಥ್ ತೋಪಿನ ಕಡೆ ಕೈ ತೋರಿಸಿದರು. ವೇಣು ಪ್ರವಾಸಿಗಳನ್ನು ಕರೆಯಲು ಬಂದವನು, ಕೂಗಪ್ಪನಿಗೆ ಮೂರೇ ಕಾಲು, ನಕಲಿಗೆ ನಾಲ್ಕು ಕಾಲು ಸರ್, ನಾನು ಬಚಾವಾದೆ ಎಂದು ವ್ಯಾನಿಗೆ ಒಂದು ಸುತ್ತು ಹಾಕಿ ಹೋಗಿದ್ದನಂತೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ವಾರ ವಾರ ಮಾಡು ಹತ್ತುವ ವೇಣು ಕದಿಯಲು ಹೊರಟಿದ್ದರೆ ಮೂರು ಕಾಲಿನದನ್ನೇ ಮಾಡಿಸುತ್ತಿದ್ದ. ಶ್ರುತಿಗೆ ನಗು ಬಂತು, ಆದರೆ ನಗುವ ಹೊತ್ತು ಅದಾಗಿರಲಿಲ್ಲ.

"ಮಾಡಿಸಿದ್ದನ್ನ ನನಗೆ ಯಾಕೆ ಹೇಳಲಿಲ್ಲ ಸರ್? ಮಾಡಿನ ಮೇಲಿರೋದು ನಿಮ್ಮದೇ ನಕಲು ಅಂತ ಗೊತ್ತಿದ್ದೂ ನನ್ನನ್ನ ಊರೆಲ್ಲ ಸುತ್ತಿಸಿದ್ರಾ?"

"ಅದು ನನ್ನದಲ್ಲ," ಎಂದರು ಅಮರನಾಥ್. ಈಗ ಅವರ ದನಿಯಲ್ಲಿ ಗಟ್ಟಿತನವಿತ್ತು. "ನಾನು ಮಾಡಿಸಿದ್ದು ಒಂದೇ. ಅದನ್ನ ಪೆಟ್ಟಿಗೆಯಲ್ಲಿಟ್ಟು ನನ್ನ ಕೈಯಾರೆ ಕಾಲಿನ್‌ಗೆ ಕೊಟ್ಟಿದೀನಿ. ಶಾಲು ಹೊದಿಸಿದವರು ನೀವೇ. ಅದು ಅವರ ಜೊತೆ ಹಂಪಿ ನೋಡ್ಕೊಂಡು, ಮೈಸೂರು ನೋಡ್ಕೊಂಡು ಇವತ್ತು ವಿಮಾನ ಹತ್ತುತ್ತೆ. ಅಲ್ಲಿರೋ ವಸ್ತು ಮಾಡಿನ ಮೇಲೆ ಹೇಗೆ ಬರುತ್ತೆ?"

ಶ್ರುತಿಗೆ ನೆನಪಾಯಿತು. ಕೋಲಾರದ ಒಂದು ಹೋಟೆಲಿನ ಹಾಲ್. ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ಮಲ್ಲಿಗೆ ಹಾರ. ಕಾಲಿನ್ ಕಣ್ಣೊರೆಸಿಕೊಂಡಿದ್ದು. ಮುಚ್ಚಳ ಯಾರೂ ತೆಗೆದಿರಲಿಲ್ಲ. ಊರಿಗೆ ಹೋಗಿ ಮನೆಯವರ ಮುಂದೆಯೇ ತೆಗೆಯುತ್ತೇನೆ ಎಂದಿದ್ದರು ಅವರು. ಅದರ ಮರುದಿನವೇ ಡೇರಿಯ ಸೈರನ್ ಮೂಕವಾಗಿತ್ತು.

ಸೈರನ್ ಮತ್ತೊಮ್ಮೆ ಕೂಗಿತು. ಈ ಸಲ ತಿರುಗಿಸಿದವರಿಗೆ ನಿಲ್ಲಿಸುವ ಮನಸ್ಸೇ ಇದ್ದಂತಿರಲಿಲ್ಲ. ಅದರ ನಡುವೆಯೇ ಅಮರನಾಥರ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅವರು ಹೆಸರು ನೋಡಿ, ನೂರು ವರ್ಷ ಆಯಸ್ಸು ಈ ಮನುಷ್ಯನಿಗೆ ಎಂದು ಗೊಣಗಿ, ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನ್ ಹಿಡಿದರು. ಇಂಗ್ಲಿಷಿನಲ್ಲಿ ಮಾತು. ಹೌದು ಎಂದರು. ಇಲ್ಲ ಎಂದರು. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬೆಂಗಳೂರು ಏರ್‌ಪೋರ್ಟಿನಿಂದ ಕಾಲಿನ್," ಎಂದರು ಫೋನ್ ಇಳಿಸಿ. "ಪೆಟ್ಟಿಗೆ ತೆಗೆದು ತೋರಿಸಿ ಅಂದರಂತೆ. ಇದು ಸುಮ್ಮನೆ ಮಾದರಿ, ಸದ್ದು ಬರಲ್ಲ ಅಂತ ಇವರು ಧೈರ್ಯ ಹೇಳಿದಾರೆ. ಅಲ್ಲಿಯವರು ಹಿಡಿ ತಿರುಗಿಸಿದಾರೆ."

"ತಿರುಗಿಸಿದ್ರೆ?"

"ಕೂಗಿತಂತೆ."

ಶ್ರುತಿ ವ್ಯಾನಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇಡೀ ಹಾಲ್ ಎದ್ದು ನಿಂತಿತಂತೆ. ಮಕ್ಕಳು ಅತ್ತವಂತೆ. ಕಾಲಿನ್ ಮಾತ್ರ, ನನ್ನ ತಾತ ಕೇಳಿದ ಸದ್ದು ಇದೇ ತಾನೇ ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ಅಧಿಕಾರಿಗಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು, ಇದು ಯಾರದು, ಎಲ್ಲಿಂದ ಬಂತು ಎಂದು ವಿಚಾರಿಸುತ್ತಿದ್ದಾರೆ. ಚಹಾ ಕೊಟ್ಟು ಕೂರಿಸಿದ್ದಾರೆ, ತೊಂದರೆ ಏನಿಲ್ಲ.

"ಅಂದ್ರೆ ಕೂಗಪ್ಪ ನನ್ನ ಪೆಟ್ಟಿಗೆಯಲ್ಲೇ ಹೋಗಿದಾನೆ," ಎಂದರು ಅಮರನಾಥ್, ತಮಗೇ ಹೇಳಿಕೊಳ್ಳುವಂತೆ. "ನಾನೇ ಕೊಟ್ಟೆ. ಮಾಡಿನ ಮೇಲಿರೋದು ನನ್ನ ನಕಲೇ."

ಒಂದು ಗಳಿಗೆ ಶ್ರುತಿಗೆ ಹಗುರವೆನಿಸಿತು. ಸೈರನ್ ಸಿಕ್ಕಿತ್ತು. ಸಂಜೆಯೊಳಗೆ ಆವಲಪ್ಪನಿಗೆ ಹೇಳಬಹುದು, ವೇಣುವಿನ ನಿಶ್ಚಿತಾರ್ಥ ನಡೆಯುತ್ತದೆ. ಆದರೆ ಅವಳ ತಲೆ ಅಲ್ಲಿಗೇ ನಿಲ್ಲಲಿಲ್ಲ.

"ಸರ್, ಆ ಪೆಟ್ಟಿಗೆ ಅಳತೆಗೆ ಮಾಡಿಸಿದ್ದಾ?"

ಹೌದು, ಪ್ರಯಾಣದಲ್ಲಿ ಅಲ್ಲಾಡಬಾರದೆಂದು ತಳದಲ್ಲಿ ಕಾಲಿಗೆ ಸರಿಯಾಗಿ ಗುಳಿ ಕೊರೆಸಿದ್ದೆ, ನಾಲ್ಕು ಗುಳಿ ಎಂದರು ಅಮರನಾಥ್. ಹೇಳಿದ ಮೇಲೆ ಅವರಿಗೂ ಅರ್ಥವಾಯಿತು. ಮೂರು ಕಾಲಿನ ವಸ್ತುವನ್ನು ನಾಲ್ಕು ಗುಳಿಯ ಪೆಟ್ಟಿಗೆಯಲ್ಲಿ ಕೂರಿಸಿ, ಅಲ್ಲಾಡದಂತೆ ಹುಲ್ಲು ತುರುಕಿ, ಮುಚ್ಚಳಕ್ಕೆ ಮೊಳೆ ಹೊಡೆದವರಿಗೆ ಅದು ನಕಲಲ್ಲ ಎಂದು ಗೊತ್ತಿರಲೇಬೇಕು. ತಪ್ಪಿ ಆದ ಅದಲುಬದಲು ಅಲ್ಲ ಅದು.

"ಪೆಟ್ಟಿಗೆ ಕಟ್ಟಿದ್ದು ಯಾರು ಸರ್?"

ಅಮರನಾಥ್ ಮಜ್ಜಿಗೆಯ ಲೋಟವನ್ನು ಅತ್ತಿಂದಿತ್ತ ಸರಿಸಿದರು.

"ಹೇಳಿ ಸರ್. ವೇಣುನಾ?"

"ವೇಣುಗೆ ನಕಲಿನ ವಿಷಯವೇ ಗೊತ್ತಿರಲಿಲ್ಲ. ವೆಲ್ಡಿಂಗ್ ಅಂಗಡಿಯಿಂದ ಅದು ಬರೀ ತಗಡಾಗಿ ಬಂತಮ್ಮಾ. ಅದಕ್ಕೆ ಹಳೇ ಹಸಿರು ಬಣ್ಣ, ತುಕ್ಕಿನ ಕಲೆ ಎಲ್ಲ ಬರಬೇಕಿತ್ತು. ಚೆನ್ನಾಗಿ ಬಣ್ಣ ಹಾಕೋರು ಬೇಕಿತ್ತು. ನೋಡಿದ್ರೆ ಅಸಲಿ ಅನ್ನಬೇಕು ಅಂಥವರು." ಅವರು ದನಿ ತಗ್ಗಿಸಿದರು. "ನಿಮ್ಮ ಚಿಕ್ಕಮ್ಮನೇ ಹಾಕಿಕೊಟ್ಟಿದ್ದು. ಅವರ ಮನೆಯಲ್ಲೇ ಇತ್ತು. ಪೆಟ್ಟಿಗೆ ಕಟ್ಟಿದ್ದೂ ಅವರೇ."

ಶ್ರುತಿಗೆ ತಾನು ಕೇಳಿದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಬೇಕೆನಿಸಿತು.

ಕೂಗಪ್ಪ ಹೋದ ದಿನವೇ ಈ ವಿಷಯ ಶ್ರುತಿಗೆ ಹೇಳಿಬಿಡೋಣ ಎಂದು ತಾವು ಅನಸೂಯಮ್ಮನವರನ್ನು ಕೇಳಿದ್ದಾಗಿ ಅಮರನಾಥ್ ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ಹುಡುಗಿ ದಾರಿ ತಪ್ಪುತ್ತಾಳೆ, ಹೇಳಬೇಡಿ ಎಂದಿದ್ದರಂತೆ ಅವರು. ಅವರೇ ಓದಿಸಿದ ಹುಡುಗಿಯ ವಿಷಯದಲ್ಲಿ ಅವರಿಗಿಂತ ತನಗೆ ಹೆಚ್ಚು ಗೊತ್ತೇ ಎಂದು ತಾವು ಸುಮ್ಮನಾದರಂತೆ.

ತನ್ನನ್ನು ಓದಿಸಿದ ಚಿಕ್ಕಮ್ಮ. ಕಚೇರಿಯ ಬೋರ್ಡು ಬರೆದುಕೊಟ್ಟ ಚಿಕ್ಕಮ್ಮ. ವೇಣು ಒಳ್ಳೆಯ ಹುಡುಗ ಎಂದು ತನಗಿಂತ ಮೊದಲು ಹೇಳಿದ್ದೂ ಅವರೇ. ಆ ಹುಡುಗನ ಮೇಲೆ ದೂರು ಬೀಳುತ್ತದೆ ಎಂದಾಗಲೂ ಬಾಯಿ ಬಿಡದೆ, ಬೆಳಿಗ್ಗೆ ಆರಾಮವಾಗಿ ದೋಸೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡಿದ್ದರು. ಶ್ರುತಿಗೆ ಸಿಟ್ಟಿಗಿಂತ ಮೊದಲು ಬೆರಗಾಯಿತು.

ಆಮೇಲೆ ಇನ್ನೊಂದು ಹೊಳೆಯಿತು. ಕೂಗಪ್ಪ ಎರಕದ ಕಬ್ಬಿಣ. ಬೀಗದ ಏಣಿ ಹತ್ತಿ, ತುಕ್ಕಿನ ಬೋಲ್ಟು ಬಿಚ್ಚಿ, ಅದನ್ನು ಮಾಡಿನಿಂದ ಕೆಳಗಿಳಿಸಿ ಹೊತ್ತು ತರುವುದು ಚಿಕ್ಕಮ್ಮನ ಕೈಯಲ್ಲಿ ಆಗುವ ಕೆಲಸವಲ್ಲ. ಇನ್ನೊಬ್ಬರು ಇದ್ದರು. ತೋಳಲ್ಲಿ ಶಕ್ತಿ ಇದ್ದವರು, ಕೀಲಿ ಇದ್ದವರು.

"ಚಿಕ್ಕಮ್ಮಾ," ಎಂದು ಕರೆಯುತ್ತ ಅವಳು ವ್ಯಾನಿನ ಹಿಂದಕ್ಕೆ ಹೋದಳು.

ಕೊನೆಯ ಸೀಟು ಖಾಲಿಯಿತ್ತು. ಹಿಂಬಾಗಿಲು ಹಾರುಹೊಡೆದಿತ್ತು.

ವಿಮಾನಗಳಿಗಾಗಿ ಸಮ ಮಾಡಿದ ಆ ನೆಟ್ಟನೆಯ ಬಂಡಿದಾರಿಯ ಆ ತುದಿಯಲ್ಲಿ ಒಂದು ಟೆಂಪೋ ಎಂಜಿನ್ ನಿಲ್ಲಿಸದೆ ನಿಂತಿತ್ತು. ಅನಸೂಯಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಅರ್ಧ ಓಟ ಅರ್ಧ ನಡಿಗೆಯಲ್ಲಿ ಅದರ ಹತ್ತಿರ ತಲುಪಿದ್ದರು. ಬಿಸಿಲು ತಡೆಯಲ್ಲ ಎಂದವರ ಓಟ ಚೆನ್ನಾಗಿಯೇ ಇತ್ತು.

ಶ್ರುತಿ ಓಡುತ್ತ ಓಡುತ್ತ ಎರಡು ಸಲ ಕೂಗಿದಳು. ತೋಪಿನ ಸೈರನ್ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಅನಸೂಯಮ್ಮ ಮುಂದಿನ ಸೀಟಿಗೆ ಹತ್ತಿ ಕೂತು, ಬಾಗಿಲು ಎಳೆದುಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದರು. ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ಮದುವೆಗೆ ಹೊರಟವರ ಹಾಗೆ ಕೈಬೀಸಿದರು.

ಹಿಂಭಾಗದಲ್ಲಿ ಸಾಲಾಗಿಟ್ಟ ಹಾಲಿನ ಕ್ಯಾನುಗಳು ಖಣಖಣ ಎನ್ನುತ್ತ ಟೆಂಪೋ ತಿರುವು ತೆಗೆದುಕೊಂಡಿತು. ಆಗ ಸ್ಟಿಯರಿಂಗ್ ಹಿಡಿದವನ ಮುಖ ಶ್ರುತಿಗೆ ಸರಿಯಾಗಿ ಕಂಡಿತು.

ಈ ಹೊತ್ತಿಗೆ ಗಾಳಿದಿನ್ನೆಯಲ್ಲಿ, ದೂರಿನ ಅರ್ಜಿ ಬರೆದಿಟ್ಟುಕೊಂಡು ಕಾಯುತ್ತ ಕೂತಿರಬೇಕಾಗಿದ್ದ, ಏಣಿಯ ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಡೇರಿಯ ಕಾರ್ಯದರ್ಶಿ ಆವಲಪ್ಪ.